ಕಾರ್ಮಿಕ ಮಂತ್ರಿಯ ನೇರಳೆ ಶಾಲು

ನಾನು ಒಂದೆರಡು ವರ್ಷ ಶಾಸಕಿಯಾಗಿದ್ದೆ. ಆಳುವ ಪಕ್ಷದ ಎರಡನೇ ಸಾಲಿನಲ್ಲಿ, ಕಂಬದ ಪಕ್ಕದ ಕುರ್ಚಿ ನನ್ನದು. ಮಾತಾಡಿದ್ದು ಕಡಿಮೆ, ಮೇಜು ಕುಟ್ಟಿದ್ದು ಜಾಸ್ತಿ. ನಮ್ಮ ವಿಧಾನಸಭೆ ಇದ್ದದ್ದು ಪೀಣ್ಯದಲ್ಲಿ, ಮುಚ್ಚಿಹೋಗಿದ್ದ ಒಂದು ಮೋಟಾರ್ ಪಂಪ್ ಕಾರ್ಖಾನೆಯ ಶೆಡ್ಡಿನೊಳಗೆ. ದಿನಾ ಸಂಜೆ ಟೀವಿಯಲ್ಲಿ ಬರುತ್ತಿದ್ದ ರಾಜಕೀಯ ಧಾರಾವಾಹಿಗಾಗಿ ಕಟ್ಟಿದ ಸೆಟ್ ಅದು. ತುಮಕೂರು ರಸ್ತೆಯ ನಡುವೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಧೂಳು ನುಂಗಿಕೊಂಡು ಬಂದು, ಮುಖ ತೊಳೆದು, ಖಾದಿ ಸೀರೆ ಉಟ್ಟು ಶಾಸನ ಮಾಡುತ್ತಿದ್ದೆವು.

ಆ ಶೆಡ್ಡು ನನಗೆ ಹೊಸದೇನಲ್ಲ. ಮದುವೆಗೆ ಮುಂಚಿನಿಂದಲೂ ಅದೇ ಕಾರ್ಖಾನೆಯ ಕಾಯಿಲ್ ವೈಂಡಿಂಗ್ ವಿಭಾಗದಲ್ಲಿ ತಾಮ್ರದ ತಂತಿ ಸುತ್ತಿ ಬೆರಳು ಒರಟು ಮಾಡಿಕೊಂಡವಳು ನಾನು. ಸಭಾಧ್ಯಕ್ಷರ ಪೀಠ ಇಟ್ಟ ಜಾಗದಲ್ಲಿ ಮೊದಲು ಪವರ್ ಪ್ರೆಸ್ ಇತ್ತು. ಕೆಂಪು ಕಾರ್ಪೆಟ್ಟಿನ ಅಡಿಯಲ್ಲಿ ಹಳೆಯ ಆಯಿಲ್ ಕಲೆಗಳು ಹಾಗೇ ಇದ್ದವು. ಮಧ್ಯಾಹ್ನ ಲೈಟುಗಳ ಕಾವಿಗೆ ಆ ವಾಸನೆ ಮೇಲೇಳುತ್ತಿತ್ತು. ಹೆಸರು ಮಾಡಿದ ನಟನಟಿಯರು ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದರು. ನಮಗೋ ಹಸಿವಾಗುತ್ತಿತ್ತು, ಯಾಕೆಂದರೆ ಆ ಕಾವು ಏರುವ ಹೊತ್ತಿಗೇ ಕ್ಯಾಂಟೀನ್ ಗಂಟೆ ಹೊಡೆಯುವುದು ನಮಗೆ ರೂಢಿ.

ಕಾರ್ಖಾನೆಗೆ ಬೀಗ ಬಿದ್ದು ವರ್ಷಗಳಾಗಿದ್ದವು. ಕೇಸು ಕಾರ್ಮಿಕ ನ್ಯಾಯಾಲಯದಲ್ಲಿ ನಿದ್ದೆ ಮಾಡುತ್ತಿತ್ತು. ಮಾಲೀಕರ ಮನೆಯವರು ಖಾಲಿ ಶೆಡ್ಡನ್ನು ಶೂಟಿಂಗಿಗೆ ಬಾಡಿಗೆ ಕೊಟ್ಟರು. ಒಂದಿಡೀ ಸದನ ತುಂಬುವಷ್ಟು ಮುಖಗಳು ಬೇಕಾದಾಗ, ಹಿಂದೆ ಕೂರುವ ನಟರನ್ನು ಒದಗಿಸುವ ಏಜೆಂಟ್ ಒಬ್ಬ ಹೆಗ್ಗನಹಳ್ಳಿ, ಲಗ್ಗೆರೆ, ದಾಸರಹಳ್ಳಿಗಳಲ್ಲಿ ವಿಚಾರಿಸಿದ. ಹಳೆಯ ಕೆಲಸಗಾರರೇ ಸಿಕ್ಕಿದರು. ನಮ್ಮ ಕಾರ್ಖಾನೆಯ ಕನ್ನಡ ಸಂಘ ಪ್ರತಿ ನವೆಂಬರಿನಲ್ಲೂ ನಾಟಕ ಆಡುತ್ತಿದ್ದದ್ದರಿಂದ ಬಣ್ಣದ ಭಯ ಯಾರಿಗೂ ಇರಲಿಲ್ಲ. ಹೊಟ್ಟೆ, ಮೀಸೆ, ನರೆಗೂದಲು ಎಲ್ಲ ಶಾಸಕರಿಗೆ ಹೇಳಿ ಮಾಡಿಸಿದ ಹಾಗಿತ್ತು. ಫಿಟ್ಟರುಗಳು, ವೆಲ್ಡರುಗಳು, ಗೇಟಿನ ವಾಚ್‌ಮನ್ ಎಲ್ಲರೂ ಮಾನ್ಯ ಸದಸ್ಯರಾದರು. ಹೊರಹಾಕಿದ ಜಾಗಕ್ಕೇ ನಮ್ಮನ್ನು ಖಾದಿ ಹಾಕಿಸಿ ವಾಪಸು ಕರೆತಂದಿದ್ದರು. ಇದಕ್ಕೆ ನಗಬೇಕೋ ಅಳಬೇಕೋ ಗೊತ್ತಾಗದೆ ಮೊದಲ ವಾರ ಬರೀ ನಕ್ಕಿದ್ದೆವು.

ಸದನದಲ್ಲಿ ಜಾತಿಗಳಿದ್ದವು. ಮೊದಲ ಸಾಲಿನವರು ಟೀವಿಯಲ್ಲಿ ಹೆಸರು ಮಾಡಿದವರು. ಅವರ ಊಟ ಹಳೆಯ ಮ್ಯಾನೇಜರ್ ಕ್ಯಾಬಿನ್ನಿನಲ್ಲಿ. ಎರಡನೇ ಸಾಲಿನಲ್ಲಿ ಡೈಲಾಗ್ ಇದ್ದವರಿಗೆ ಸ್ಟೋರ್ಸ್ ರೂಮು. ನನ್ನಂತೆ ಮೇಜು ಕುಟ್ಟುವವರಿಗೆ ಸೈಕಲ್ ಸ್ಟ್ಯಾಂಡು. ಕಥೆಯಲ್ಲಿ ಶಾಸಕರನ್ನು ರೆಸಾರ್ಟಿಗೆ ಸಾಗಿಸುವ ಭಾಗ ಬಂದಾಗ ನಮ್ಮನ್ನೆಲ್ಲ ವ್ಯಾನಿನಲ್ಲಿ ತುಂಬಿ ಬೆಳ್ಳಂದೂರಿನ ಕಡೆಯ ಒಂದು ಅಪಾರ್ಟ್‌ಮೆಂಟಿಗೆ ಕರೆದೊಯ್ದಿದ್ದರು. ಮೊದಲ ಸಾಲಿನವರು ಈಜುಕೊಳದ ಸುತ್ತ ಕಾಲು ಚಾಚಿ ಮಲಗಿದರು. ನಾವು ಕೆರೆಯ ಕಡೆ ಬೆನ್ನು ಮಾಡಿ, ಅದರ ಗಬ್ಬುನಾತ ಕುಡಿಯುತ್ತ, ಮಜಾ ಮಾಡುತ್ತಿರುವಂತೆ ನಟಿಸಿದೆವು.

ಈ ಜಾತಿಗಳನ್ನು ದಾಟಿ ಮೊದಲ ಸಾಲಿಗೆ ಹೋದವರು ನಮ್ಮಲ್ಲಿ ಒಬ್ಬರೇ. ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದವರು, ನಾವೆಲ್ಲ ಟರ್ನರ್ ಅಣ್ಣ ಅನ್ನುತ್ತಿದ್ದವರು. ಸಂಘದ ನಾಟಕಗಳಲ್ಲಿ ಯಾವಾಗಲೂ ರಾಜ. ಕಂಠ ಅಂದರೆ ಕಂಠ. ಮೈಕು ಕೈಕೊಟ್ಟರೂ ಹಿಂದಿನ ಬೆಂಚಿಗೆ ಮುಟ್ಟುತ್ತಿತ್ತು. ಅದನ್ನು ಕೇಳಿದ ನಿರ್ದೇಶಕರು ಒಂದೇ ವಾರದಲ್ಲಿ ಅವರನ್ನು ಕಾರ್ಮಿಕ ಮಂತ್ರಿ ಮಾಡಿದರು. ಹೆಗಲಿಗೆ ಆ ಸುಳ್ಳು ಪಕ್ಷದ ನೇರಳೆ ಶಾಲು ಬಂತು. ಬಡವರ ಪರ ನಿಲ್ಲುವ ಪ್ರಾಮಾಣಿಕ ಮಂತ್ರಿಯ ಪಾತ್ರ. ಆದರೂ ಅಣ್ಣ ಮ್ಯಾನೇಜರ್ ಕ್ಯಾಬಿನ್ನಿಗೆ ಊಟಕ್ಕೆ ಹೋಗುತ್ತಿರಲಿಲ್ಲ. ತಟ್ಟೆ ಹಿಡಿದು ಸೈಕಲ್ ಸ್ಟ್ಯಾಂಡಿಗೇ ಬರುತ್ತಿದ್ದರು. ಅವರು ಬಂದರೆ ಕೆಲವರು ಎದ್ದು ಆ ಕಡೆ ಹೋಗಿ ಕೂರುತ್ತಿದ್ದರು.

ಯಾಕೆ ಅನ್ನುವುದನ್ನು ಹೇಳಬೇಕು. ಬೀಗಮುದ್ರೆಯ ಹಿಂದಿನ ದಿನ ಯೂನಿಯನ್ನಿನವರಿಗೂ ಆಡಳಿತದವರಿಗೂ ಊರೊಳಗಿನ ಕಂಪನಿ ಆಫೀಸಿನಲ್ಲಿ ಮಾತುಕತೆ ನಡೆದಿತ್ತು. ನಮ್ಮ ಕಡೆಯಿಂದ ಹೋದವರಲ್ಲಿ ಅಣ್ಣನೂ ಒಬ್ಬರು. ಮಾತು ಮುರಿದುಬಿತ್ತು. ಉಳಿದವರು ಅಲ್ಲಿಂದಲೇ ವಕೀಲರ ಹತ್ತಿರ ಹೋದರು. ಗೇಟಿನಲ್ಲಿ ಕಾಯುತ್ತಿದ್ದ ನಮಗೆ ಸುದ್ದಿ ಮುಟ್ಟಿಸಲು ಅಣ್ಣ ಹೊರಟಾಗ, ಮಾಲೀಕರ ತಮ್ಮ ಆ ಕಡೆಯೇ ಹೋಗುತ್ತಿದ್ದೇನೆ ಹತ್ತಿ ಅಂದನಂತೆ. ಇವರು ಹತ್ತಿದರು. ಗೇಟಿನ ಮುಂದೆ, ಎಲ್ಲರ ಕಣ್ಣೆದುರು, ಮಾಲೀಕರ ಬಿಳಿ ಕಾರಿನಿಂದ ಇಳಿದರು. ಮರುದಿನ ಬೀಗ. ಅವತ್ತಿನಿಂದ ಅವರ ಹಿಂದೆ ಒಂದು ಮಾತು ಓಡಾಡತೊಡಗಿತು: ಕಾರಲ್ಲಿ ಇಳಿದವನು.

ನಾನು ಒಮ್ಮೆ ಕೇಳಿಯೇಬಿಟ್ಟಿದ್ದೆ. "ಯಾಕಣ್ಣ ಹತ್ತಿದ್ರಿ?"

"ಕಾಲು ನೋಯ್ತಿತ್ತು ಕಣಮ್ಮ," ಅಂದರು. "ಬೆಳಗ್ಗಿಂದ ನಿಂತೇ ಇದ್ದೆ. ಕೂತ್ಕೊಂಡ್ಬಿಟ್ಟೆ."

ನಾನು ನಂಬಿದೆ. ಮಾರಿಕೊಂಡವನ ಬದುಕು ಹೇಗಿರುತ್ತದೆ ಎಂದು ನಾನೂ ನೋಡಿದ್ದೇನೆ. ಅಣ್ಣನ ಬದುಕು ಹಾಗಿರಲಿಲ್ಲ. ಶೀಟಿನ ಸೂರಿನ ಒಂದೂವರೆ ಕೋಣೆ, ಯಾರದೋ ಸಣ್ಣ ಶೆಡ್ಡಿನಲ್ಲಿ ದಿನಗೂಲಿಯ ಲೇತ್ ಕೆಲಸ. ಆದರೆ ಸಂಶಯಕ್ಕೆ ಕಣ್ಣಿಲ್ಲ, ಬರೀ ಬಾಯಿ. ಅದರಲ್ಲೂ ಫೌಂಡ್ರಿಯಲ್ಲಿ ಎರಕ ಹೊಯ್ಯುತ್ತಿದ್ದ ಒಬ್ಬನಿದ್ದ. ಬೀಗ ಬಿದ್ದ ಮೇಲೆ ಮಗನ ಓದು ಬಿಡಿಸಬೇಕಾಗಿ ಬಂದವನು. ಆ ಕಹಿಯನ್ನೆಲ್ಲ ಅಣ್ಣನ ಮೇಲೆ ಹೊರಿಸಿದ್ದ. ಧಾರಾವಾಹಿಯಲ್ಲಿ ಅವನು ವಿರೋಧ ಪಕ್ಷದ ಸಾಲಿನಲ್ಲಿ ಕೂರುತ್ತಿದ್ದ.

ಪ್ರಾಮಾಣಿಕ ಮಂತ್ರಿಯ ಪಾತ್ರ ಅಣ್ಣನಿಗೆ ನಿಜಕ್ಕೂ ಔಷಧಿಯಾಯಿತು. "ಕಾರ್ಖಾನೆ ಮುಚ್ಚಲು ಬಿಡುವುದಿಲ್ಲ" ಎಂದು ಅವರು ಗುಡುಗಿದ ಕಂತು ಬಂದ ಮರುದಿನ, ಹೆಗ್ಗನಹಳ್ಳಿಯ ಟೀ ಅಂಗಡಿಯಲ್ಲಿ ಹಳೆಯ ವೆಲ್ಡರ್ ಒಬ್ಬ ಅವರಿಗೆ ಟೀ ಕೊಡಿಸಿದನಂತೆ. ಅದನ್ನು ನನಗೆ ಹೇಳುವಾಗ ಅಣ್ಣನ ಮುಖ ನೋಡಬೇಕಿತ್ತು. ಬೀದಿಯ ಹೆಂಗಸರು ಅತ್ತಿಗೆಯನ್ನು ಮಂತ್ರಿ ಹೆಂಡ್ತಿ ಎಂದು ರೇಗಿಸುತ್ತಿದ್ದರು. ಅದೇ ಹೊತ್ತಿಗೆ ಮಗಳಿಗೆ ನೆಲಮಂಗಲದ ಕಡೆಯಿಂದ ಸಂಬಂಧ ಕುದುರಿತು. ಹುಡುಗನ ತಾಯಿ ಧಾರಾವಾಹಿಯನ್ನು ಒಂದು ದಿನವೂ ಬಿಡದೆ ನೋಡುವವರು. ನಮ್ಮ ಬೀಗರು ಮಂತ್ರಿಗಳು ಎಂದು ಊರಿಗೆಲ್ಲ ಸಾರಿದ್ದರು. ಮದುವೆ ಮುಂದಿನ ತಿಂಗಳಿಗೆ ಗೊತ್ತಾಯಿತು.

ಅಷ್ಟರಲ್ಲಿ ಚಾನೆಲ್ಲಿನವರಿಗೆ ಸಿನಿಮಾದ ಒಬ್ಬ ನಟ ಸಿಕ್ಕಿದ. ಅವನಿಗೆ ಒಂದು ಖಾತೆ ಬೇಕಿತ್ತು. ಇರುವ ಖಾತೆಗಳಲ್ಲಿ ಕಾರ್ಮಿಕ ಖಾತೆಯೇ ಬಡಪಾಯಿ.

ಒಂದು ಬೆಳಗ್ಗೆ ಕಥೆ ಬರೆಯುವ ಹುಡುಗ ಅಣ್ಣನನ್ನು ಪಕ್ಕಕ್ಕೆ ಕರೆದ. ನಾನೂ ಅಲ್ಲೇ ಕಾಫಿ ಕುಡಿಯುತ್ತಿದ್ದೆ. "ಸಾರ್, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಟ್ರ್ಯಾಕ್ ಕ್ಲೋಸ್ ಮಾಡ್ತಿದ್ದೀವಿ. ಒಂದು ಹಾರ್ಟ್ ಅಟ್ಯಾಕ್. ಒಳ್ಳೆ ಎಮೋಷನಲ್ ಸೀನು," ಅಂದ. ಕೆಟ್ಟ ಹುಡುಗನೇನಲ್ಲ, ವಿನಯದಿಂದಲೇ ಹೇಳಿದ. ಅಣ್ಣನ ಪಟ ಆಗಲೇ ತಯಾರಾಗಿತ್ತು. ನೇರಳೆ ಶಾಲು ಹೊದ್ದು ಕೈಮುಗಿದು ನಿಂತ ದೊಡ್ಡ ಪಟ. ಹಾರ ನಿಲ್ಲಲೆಂದು ಸೆಟ್ ಕಟ್ಟುವ ಆರ್ಟಿನವರು ಚೌಕಟ್ಟಿನ ಮೇಲೆ ಎರಡು ಮೊಳೆಗಳನ್ನೂ ಹೊಡೆದಿದ್ದರು. ಅದನ್ನು ಪಕ್ಷದ ಕಚೇರಿಯ ಸೆಟ್ಟಿನ ಗೋಡೆಗೆ ಹಾಕುವುದು, ಧಾರಾವಾಹಿ ಇರುವವರೆಗೂ ಅದು ಅಲ್ಲೇ ಇರುವುದು ಎಂದು ತೀರ್ಮಾನವಾಗಿತ್ತು.

ಅಣ್ಣ ಸಾವಿಗೆ ಹೆದರಿದವರಲ್ಲ. ಶೂಟಿಂಗಿನವರಲ್ಲಿ ಒಂದು ಪದ್ಧತಿಯಿದೆ: ಸಾಯುವ ದೃಶ್ಯ ಮುಗಿದ ತಕ್ಷಣ ಆ ನಟ ಎದ್ದು ಕ್ಯಾಮೆರಾ ನೋಡಿ ನಗಬೇಕು. ನಕ್ಕರೆ ಅಪಶಕುನ ಕಳೆಯುತ್ತದೆ. ಆಮೇಲೆ ಬೂದುಗುಂಬಳ ಒಡೆಯುತ್ತಾರೆ, ಎಲ್ಲರೂ ಟೀ ಕುಡಿಯುತ್ತಾರೆ. ಅವರೂ ಹಾಗೇ ನಕ್ಕು ಬರುತ್ತಿದ್ದರೇನೋ. ಆದರೆ ಅತ್ತಿಗೆ ಒಪ್ಪಲಿಲ್ಲ.

"ಒಂದ್ಸಲ ನಕ್ಬುಟ್ರೆ ಆಯ್ತಾ?" ಎಂದು ನನ್ನ ಮುಂದೆಯೇ ಕೇಳಿದರು. "ಆರ ಆಕಿದ್ ಪಟ ದಿನಾ ಟೀವೀಲಿ ನೇತಾಡ್ತಾ ಇರ್ತದಲ್ಲ. ಮನೇಲಿ ಚಪ್ಪರ, ಟೀವೀಲಿ ಯಜಮಾನ್ರಿಗೆ ಆರ. ಬೀಗಿತ್ತಿ ದಿನಾ ನೋಡ್ತಾಳೆ. ಮದ್ವೆ ನಿಂತೋದ್ರೆ ಆ ಮಗೀನ್ ಗತಿ ಏನು?"

ಮದುವೆ ಹುಡುಗನ ತಾಯಿ ಶಕುನ ಶಾಸ್ತ್ರ ಅಂದರೆ ಪ್ರಾಣ ಬಿಡುವವರು. ಬೆಕ್ಕು ಅಡ್ಡ ಬಂದಿತೆಂದು ಹೆಣ್ಣು ನೋಡಲು ಬರುವುದನ್ನೇ ಒಂದು ವಾರ ಮುಂದೂಡಿದ್ದವರು. ಅತ್ತಿಗೆಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಮರುದಿನ ಅಣ್ಣ ಕಥೆಯ ಹುಡುಗನ ಮುಂದೆ ಕೈಕಟ್ಟಿ ನಿಂತರು. ನನಗೆ ಇವತ್ತಿಗೂ ಆ ನಿಲುವು ಕಣ್ಣಿಗೆ ಕಟ್ಟಿದೆ; ರಾಜನ ಪಾತ್ರ ಬಿಟ್ಟು ಬೇರೇನನ್ನೂ ಮಾಡದ ಮನುಷ್ಯ. "ಫಾರಿನ್ ಕಳ್ಸಿ, ಜೈಲಿಗಾಕ್ಸಿ, ಹುಚ್ಚ ಅನ್ಸಿ. ಹಾರ ಒಂದು ಬೇಡ ಸಾರ್. ಮಗಳ ಮದ್ವೆ ಐತೆ," ಅಂದರು.

ಹುಡುಗ ಯೋಚಿಸಿದ, ಫೋನಿನಲ್ಲಿ ಯಾರೊಂದಿಗೋ ಮಾತಾಡಿದ, ಖುಷಿಯಿಂದ ವಾಪಸು ಬಂದ. "ಸಕ್ಕತ್ ಐಡಿಯಾ ಸಾರ್. ಸಾಯೋದ್ ಬೇಡ. ನೀವು ಫ್ಯಾಕ್ಟರಿ ಓನರ್ ಹತ್ರ ದುಡ್ ತಗೊಂಡು ಪ್ಲೇಟ್ ಚೇಂಜ್ ಮಾಡ್ತೀರಾ. ಅಸೆಂಬ್ಲೀಲೇ ಸಿಕ್ಕಿ ಬೀಳ್ತೀರಾ. ರಾಜೀನಾಮೆ, ಎಂಡ್. ಜನ ಶಾಕ್ ಆಗ್ತಾರೆ."

ಅವನಿಗೆ ಏನೂ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಬೇರೆ ದಾರಿ ಇದೆಯೇ ಎಂದು ಅಣ್ಣ ಕೇಳಿದರು. ಸಾವು ಅಥವಾ ದ್ರೋಹ, ಮೂರನೆಯದಕ್ಕೆ ಚಾನೆಲ್ ಒಪ್ಪುವುದಿಲ್ಲವಂತೆ. ಅಣ್ಣ ದ್ರೋಹಕ್ಕೆ ಹೂಂ ಅಂದರು.

ಸಂಜೆ ಎಂಟನೇ ಮೈಲಿಯ ಬಸ್ ಸ್ಟಾಪಿನಲ್ಲಿ ನಾನು ರೇಗಿದೆ. "ಹಾರಾನೇ ಹಾಕಿಸ್ಕೊಳಿ ಅಣ್ಣ. ಬೀಗರಿಗೆ ನಾನ್ ಬಂದು ಹೇಳ್ತೀನಿ, ಇದೆಲ್ಲ ಸುಳ್ಳು ಅಂತ. ಇದ್ ಮಾತ್ರ ಮಾಡ್ಬೇಡಿ. ನಮ್ಮೋರು ಏನಂತಾರೆ ಗೊತ್ತಲ್ಲ."

"ನಾನ್ ಏನು ಅಂತ ನಮ್ಮೋರಿಗೆ ಗೊತ್ತಿಲ್ವೇನಮ್ಮ?" ಅಂದರು. ಒಂದು ಬಸ್ಸು ಹೋಯಿತು, ಹತ್ತಲಿಲ್ಲ. "ನಾಟ್ಕ ಯಾವ್ದು ನಿಜ ಯಾವ್ದು ಅಂತ ಬೀಗಿತ್ತಿಗೆ ತಿಳೀದೆ ಇರ್ಬೋದು. ಸಂಘದಲ್ಲಿ ನಾಟ್ಕ ಆಡ್ದೋರಿಗೆ ತಿಳಿಯಲ್ವಾ?"

ಅವರು ಮಾಡಿದ ತಪ್ಪು ಇಷ್ಟೇ. ಜೊತೆಯಲ್ಲಿ ಬಣ್ಣ ಹಚ್ಚಿದವರಿಗೆ ಬಣ್ಣ ಯಾವುದು ಅಂತ ಗೊತ್ತಿರುತ್ತದೆ ಎಂದು ನಂಬಿದರು.

ಆ ದೃಶ್ಯದ ದಿನ ಇಡೀ ಸದನ ಭರ್ತಿಯಾಗಿತ್ತು. ಅಣ್ಣ ಎದ್ದು ನಿಂತು, "ಕಾರ್ಖಾನೆ ಮುಚ್ಚಲು ಸರ್ಕಾರ ಅನುಮತಿ ನೀಡಿದೆ. ಇದರಲ್ಲಿ ನನ್ನ ಸ್ವಾರ್ಥ ಏನೂ ಇಲ್ಲ," ಎಂದು ಹೇಳಬೇಕು. ವಿರೋಧ ಪಕ್ಷದವರು ರಾಜೀನಾಮೆ ರಾಜೀನಾಮೆ ಎಂದು ಕೂಗಬೇಕು. ನಾನು ಅವರ ಹಿಂದಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂರಬೇಕು. ರಿಹರ್ಸಲ್ ಸರಿಯಾಗಿಯೇ ಆಯಿತು. ಟೇಕಿನಲ್ಲಿ ಅಣ್ಣ ಮಾತು ಮುಗಿಸಿದರು. ಆಗ ಫೌಂಡ್ರಿಯವನು ಎದ್ದು, ಹಳೆಯ ಗೇಟ್ ಮೀಟಿಂಗಿನ ಗಂಟಲಿನಲ್ಲಿ ಕೂಗಿದ.

"ಕಾರಲ್ಲಿ ಇಳಿದವನಿಗೆ!"

"ಧಿಕ್ಕಾರ!"

ಅದು ಬರೆದುಕೊಟ್ಟ ಮಾತಲ್ಲ. ಆದರೆ ಆ ಸಾಲಿನ ನಮ್ಮವರೆಲ್ಲ, ಫಿಟ್ಟರು ವೆಲ್ಡರು ವಾಚ್‌ಮನ್ ಎಲ್ಲರೂ, ಒಂದೇ ಉಸಿರಿಗೆ ಧಿಕ್ಕಾರ ಅಂದರು. ಟೀ ಕೊಡಿಸಿದ ವೆಲ್ಡರೂ ಅಂದ. ಮತ್ತೆ ಮತ್ತೆ ಅಂದರು. ತಗಡಿನ ಸೂರು ನಡುಗಿತು. ಒಬ್ಬ ಮೇಜು ಹತ್ತಿದ. ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಲೈಟಿನ ಬೆಳಕಿನಲ್ಲಿ ಕಕ್ಕಿದರು. ನಿರ್ದೇಶಕರು ಕಟ್ ಹೇಳಲೇ ಇಲ್ಲ, ಕ್ಯಾಮೆರಾ ಅಣ್ಣನ ಮುಖದ ಹತ್ತಿರ ಹೋಯಿತು. ಅಣ್ಣನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

ಕಟ್ ಆದ ಮೇಲೆ ನಿರ್ದೇಶಕರು ಚಪ್ಪಾಳೆ ತಟ್ಟಿದರು. "ಫೆಂಟಾಸ್ಟಿಕ್! ಇಂಥ ಎನರ್ಜಿ ಬೇಕು!" ಅಂದರು. ಅದನ್ನು ಹಾಗೆಯೇ ಪ್ರಸಾರ ಮಾಡಿದರು. ನೋಡಿದವರಿಗೆ ಅದೇನೆಂದು ಅರ್ಥವಾಗಿರಲಿಕ್ಕಿಲ್ಲ. ಅರ್ಥವಾಗಬೇಕಾದ ಬೀದಿಗಳಲ್ಲಿ ಅರ್ಥವಾಯಿತು.

ಬಟ್ಟೆ ಬದಲಿಸಿದ ಮೇಲೆ ಅಣ್ಣ ಆರ್ಟಿನವರ ಹತ್ತಿರ ಹೋಗಿ, ಬಳಕೆಯಾಗದೆ ಉಳಿದ ಆ ಪಟ ಕೇಳಿದರು. ಅವರು ಕೊಟ್ಟುಬಿಟ್ಟರು. ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಮನೆಯಲ್ಲಿ ಅತ್ತಿಗೆ ಅದನ್ನು ಮುಟ್ಟಲೂ ಇಲ್ಲ. ಗೋಡೆಯ ಮೇಲಿನ ಸಜ್ಜಾಕ್ಕೆ ಹತ್ತಿಸಿ, ಹಳೆಯ ಪಾತ್ರೆಗಳ ಹಿಂದಕ್ಕೆ ತಳ್ಳಿಸಿದರು.

ಮದುವೆಗೆ ಅಣ್ಣ ಕರೆಯದ ಮನೆಯಿಲ್ಲ. ಕುಂಕುಮ ಅಕ್ಷತೆ ಹಿಡಿದು ಹಳೆಯ ಕೆಲಸಗಾರರ ಬಾಗಿಲು ಬಾಗಿಲಿಗೂ ಹೋದರು, ಫೌಂಡ್ರಿಯವನ ಬಾಗಿಲಿಗೂ. ಎಲ್ಲರೂ ಕೂರಿಸಿ ನೀರು ಕೊಟ್ಟರು, ಬರ್ತೀವಿ ಅಂದರು. ದಾಸರಹಳ್ಳಿಯ ಸಣ್ಣ ಛತ್ರದಲ್ಲಿ ಮದುವೆ. ಬೀಗಿತ್ತಿ ಜರಿ ಸೀರೆಯಲ್ಲಿ ಓಡಾಡುತ್ತ, ಇವರೇ ನಮ್ಮ ಮಂತ್ರಿಗಳು, ಈಗ ರಾಜೀನಾಮೆ ಕೊಟ್ಟವರೆ ಎಂದು ನಗುನಗುತ್ತ ಎಲ್ಲರಿಗೂ ತೋರಿಸುತ್ತಿದ್ದರು. ಅವರಿಗೆ ದ್ರೋಹ ಏನೂ ಅನ್ನಿಸಿರಲಿಲ್ಲ. ಮುತ್ತೈದೆತನಕ್ಕೆ ಅಡ್ಡಿಯಿಲ್ಲದ ಯಾವ ಪಾಪವೂ ಅವರಿಗೆ ನಡೆಯುತ್ತಿತ್ತು.

ಊಟದ ಮನೆಯಲ್ಲಿ ಗೋಡೆ ಬದಿಯ ಒಂದು ಸಾಲನ್ನು ಅಣ್ಣ ಕಾರ್ಖಾನೆಯವರಿಗೆಂದೇ ಹಿಡಿದಿರಿಸಿದ್ದರು. ಎಲೆ ಹಾಕಿ, ನೀರು ಚಿಮುಕಿಸಿ, ಉಪ್ಪು ಉಪ್ಪಿನಕಾಯಿ ಬಡಿಸಿಯಾಗಿತ್ತು. ಯಾರೂ ಬರಲಿಲ್ಲ. ಬೀಗರ ಕಡೆಯವರ ಎರಡು ಪಂಕ್ತಿ ಎದ್ದರೂ ಆ ಸಾಲು ಹಾಗೇ ಇತ್ತು. ಬಡಿಸುವವರು ಎತ್ತಿಬಿಡೋಣವೇ ಎಂದು ಕೇಳಿದರು. ಅಣ್ಣ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರು.

"ಇರ್ಲಿ ಇರ್ಲಿ," ಅಂದರು. "ಶಿಫ್ಟ್ ಬಿಟ್ಟಿರಲ್ಲ ಇನ್ನೂ."

ಯಾವ ಶಿಫ್ಟು? ಕಾರ್ಖಾನೆ ಮುಚ್ಚಿ ಎಷ್ಟು ಕಾಲವಾಗಿತ್ತು! ಬಾಯಿ ತಪ್ಪಿ ಬಂದ ಮಾತು ಎಂದು ನಾನು ಮುಖ ನೋಡಿದೆ. ಅವರಿಗೆ ತಾವು ಏನು ಅಂದೆವೆಂಬುದೇ ಗೊತ್ತಿರಲಿಲ್ಲ. ನಾನು ಒಬ್ಬಳೇ ಆ ಸಾಲಿನಲ್ಲಿ ಕೂತು ಉಂಡೆ.

ಆಮೇಲೆ ಅಣ್ಣ ಯಾವ ಸೆಟ್ಟಿಗೂ ಬರಲಿಲ್ಲ. ಲೇತ್ ಕೆಲಸವೂ ನಿಂತು, ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನಲ್ಲಿ ಸೆಕ್ಯುರಿಟಿಗೆ ಸೇರಿದರು. ಪೀಣ್ಯದಿಂದ ಅಲ್ಲಿಗೆ ಊರಿನ ಈ ತುದಿಯಿಂದ ಆ ತುದಿ. ಹತ್ತಿರದಲ್ಲೇ ಕೆಲಸ ಸಿಗುತ್ತಿತ್ತಲ್ಲ ಅಂದರೆ, "ಅಲ್ಲಿ ಯಾರಿಗೂ ನನ್ನ ಮುಖ ಗೊತ್ತಿಲ್ಲ," ಅನ್ನುತ್ತಿದ್ದರು. ಕೆಲವು ವರ್ಷಗಳಲ್ಲಿ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್ಸಿಗೆ ಹೋಗಿ ಬಂದು ಬಂದು, ಆ ರಾಜನ ಕಂಠ ಪಕ್ಕದಲ್ಲಿ ಕೂತವರಿಗೂ ಕೇಳಿಸದಷ್ಟು ಸಣ್ಣದಾಯಿತು. ಒಂದು ಮುಂಜಾನೆ ಹೋಗಿಬಿಟ್ಟರು.

ಮನೆಯಲ್ಲಿ ಅವರೊಬ್ಬರದೇ ಆದ ಒಂದು ಫೋಟೊ ಇರಲಿಲ್ಲ. ಎಲ್ಲ ಗುಂಪಿನವು, ನಾಟಕದವು, ಕಿರೀಟ ಗಡ್ಡದವು. ಅಳಿಯ ಹುಡುಕಿ ಸಾಕಾದಾಗ ಅತ್ತಿಗೆಯೇ ಅಂದರು, "ಸಜ್ಜಾ ಮ್ಯಾಲೈತೆ. ತೆಗೀರಿ."

ಹನ್ನೊಂದನೇ ದಿನದ ಕಾರ್ಯಕ್ಕೆ ಆ ಪಟವನ್ನು ಕುರ್ಚಿಯ ಮೇಲೆ ಇಟ್ಟಿದ್ದರು. ನೇರಳೆ ಶಾಲು, ಮುಗಿದ ಕೈ, ತೆಳ್ಳನೆಯ ನಗು. ಮೊಳೆಗಳು ಆಗಲೇ ಇದ್ದವು. ಅತ್ತಿಗೆ ಮಲ್ಲಿಗೆಯ ಒಂದು ಸಣ್ಣ ಹಾರ ಹಾಕಿದ್ದರು.

ಕಾರ್ಖಾನೆಯವರು ಬಂದರು. ಒಬ್ಬಿಬ್ಬರಲ್ಲ, ಎಲ್ಲರೂ. ಫೌಂಡ್ರಿಯವನು ಮುಂದೆ ನಿಂತು ಪಟವನ್ನು ಬಹಳ ಹೊತ್ತು ನೋಡಿದ. ಮುದುಕನಾಗಿದ್ದ. ಹೊರಗೆ ಹೋಗಿ, ತೋಳು ದಪ್ಪದ ಚೆಂಡುಹೂವಿನ ಹಾರ ತಂದ. ಮೊಳೆಗೆ ಸಿಕ್ಕಿಸಿ, ಅಂಚುಗಳನ್ನು ಎಳೆದೆಳೆದು ಸರಿಮಾಡಿ, ಶಾಲು ಪೂರ್ತಿ ಮುಚ್ಚುವಂತೆ ಹರಡಿದ. ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳುವುದಿಲ್ಲ, ನನಗೆ ಕರುಣೆ ಬರಲಿಲ್ಲ. ಮೈಯೆಲ್ಲ ಉರಿಯಿತು.

"ಮದ್ವೆಗೆ ಬಂದು ಒಂದ್ ತುತ್ತು ಉಂಡಿದ್ರೆ ಸಾಕಾಗಿತ್ತು," ಅಂದೆ.

ಅವನು ನನ್ನ ಕಡೆ ತಿರುಗಲಿಲ್ಲ. "ಆ ಶಾಲು ಕಾಣ್ಬಾರ್ದು ಕಣಮ್ಮ," ಅಂದ. "ನಮ್ಮ ಮನುಷ್ಯ ಅವನು."

ಮೂಲೆಯಲ್ಲಿ ಕೂತಿದ್ದ ಅತ್ತಿಗೆ ಎದ್ದು ಬಂದರು. ಚೆಂಡುಹೂವಿನ ಹಾರವನ್ನು ಮೊಳೆಯಿಂದ ಬಿಡಿಸಿ ಅವನ ಕೈಗೇ ಕೊಟ್ಟರು. ಮಲ್ಲಿಗೆಯ ಹಾರವನ್ನು ಸ್ವಲ್ಪ ಸರಿಸಿದರು. ಶಾಲು ಮತ್ತೆ ಕಾಣಿಸಿತು.

"ಬುಡಣ್ಣ, ಕಾಣ್ಲಿ," ಅಂದರು. "ಅದನ್ನ ಎಗಲ್ ಮ್ಯಾಲ್ ಆಕ್ಕೊಂಡೇ ಮಗಳ್ ಮದ್ವೆ ಮಾಡಿದ್ದು ಅವ್ರು."

ಅವನು ಹಾರ ಹಿಡಿದುಕೊಂಡು ಹಾಗೇ ನಿಂತಿದ್ದ. ಎಲ್ಲಿ ಇಡಬೇಕೆಂದು ಯಾರೂ ಹೇಳಲಿಲ್ಲ. ಆಮೇಲೆ ಊಟಕ್ಕೆ ಕರೆದರು. ಬೀದಿಯಲ್ಲಿ ಶಾಮಿಯಾನದ ಕೆಳಗೆ ಕಾರ್ಖಾನೆಯವರೆಲ್ಲ ಒಂದೇ ಸಾಲಿನಲ್ಲಿ ಕೂತರು. ಒಂದು ಎಲೆಯೂ ಖಾಲಿ ಉಳಿಯಲಿಲ್ಲ. ಅನ್ನ ಬಡಿಸಿದವಳು ನಾನೇ.